ಕರೆಂಟು ಮರಳಿದ ಮೇಲೂ ಬೆನ್ನು ಬಿಡದ ಸುದ್ದಿಸೇವೆ: ‘ಟೆಕ್ಸಸ್ ಟ್ರಿಬ್ಯೂನ್’ ಮತ್ತು 2021ರ ವರ್ಷ

ಸುದ್ದಿಸಂಸ್ಥೆಯೊಂದರ ಸತ್ವವನ್ನು ಅಳೆಯಬೇಕಾದರೆ ಅದು ಕಷ್ಟದ ವರ್ಷವೊಂದನ್ನು ಹೇಗೆ ನಿಭಾಯಿಸಿತು ಎಂಬುದನ್ನು ನೋಡಬೇಕು. ಟೆಕ್ಸಸ್ ರಾಜ್ಯಕ್ಕೆ 2021 ಅಂಥ ವರ್ಷವಾಗಿತ್ತು. ಫೆಬ್ರುವರಿಯಲ್ಲಿ ಹಿಮಬಿರುಗಾಳಿಯೊಂದು ಇಡೀ ರಾಜ್ಯದ ವಿದ್ಯುತ್ ಜಾಲವನ್ನು ಕುಸಿತದ ಅಂಚಿಗೆ ತಂದಿತು. ಜುಲೈನಲ್ಲಿ ವಿರೋಧ ಪಕ್ಷದ ಶಾಸಕರು ಕೋರಂ ತಪ್ಪಿಸಲು ವಿಮಾನವೇರಿ ವಾಷಿಂಗ್ಟನ್‌ಗೆ ಹೋದರು. ಸೆಪ್ಟೆಂಬರ್ 1ರಿಂದ ಗರ್ಭಪಾತಕ್ಕೂ ಬಂದೂಕಿಗೂ ಸಂಬಂಧಿಸಿದ ಎರಡು ದೊಡ್ಡ ಕಾನೂನುಗಳು ಒಟ್ಟಿಗೇ ಜಾರಿಗೆ ಬಂದವು. ಅದೇ ತಿಂಗಳು ಗಡಿಯ ಡೆಲ್ ರಿಯೋ ಪಟ್ಟಣದ ಸೇತುವೆಯ ಕೆಳಗೆ ಸುಮಾರು 15,000 ವಲಸಿಗರು ಬೀಡುಬಿಟ್ಟರು. ಅಕ್ಟೋಬರ್‌ನಲ್ಲಿ ಚುನಾವಣಾ ಕ್ಷೇತ್ರಗಳ ಗಡಿಗಳು ಬದಲಾದವು. ನವೆಂಬರ್‌ನಲ್ಲಿ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಸಂಗೀತೋತ್ಸವದ ನೂಕುನುಗ್ಗಲಿನಲ್ಲಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಡಲ್ಲಾಸ್‌ನ ಉತ್ತರದ ಉಪನಗರವೊಂದರಲ್ಲಿ ವಾಸಿಸುವ ನಾನು ಆ ವರ್ಷವನ್ನು ಬಹುಪಾಲು ‘ದಿ ಟೆಕ್ಸಸ್ ಟ್ರಿಬ್ಯೂನ್’ ಎಂಬ ಅಂತರ್ಜಾಲ ಸುದ್ದಿಸೇವೆಯ ಮೂಲಕವೇ ಅರ್ಥ ಮಾಡಿಕೊಂಡೆ. ಅದರ ಆ ವರ್ಷದ ಕಡತವನ್ನು ಈಗ ಮತ್ತೊಮ್ಮೆ ಮೊದಲಿನಿಂದ ಓದಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸಂಸ್ಥೆಯ ಪರಿಚಯವನ್ನು ಚಿಕ್ಕದಾಗಿ ಮಾಡಿಕೊಡುವುದು ಒಳ್ಳೆಯದು. 2009ರ ನವೆಂಬರ್‌ನಲ್ಲಿ ಆಸ್ಟಿನ್ ನಗರದಲ್ಲಿ ಆರಂಭವಾದ ಟ್ರಿಬ್ಯೂನ್, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಹೂಡಿಕೆದಾರ ಜಾನ್ ಥಾರ್ನ್‌ಟನ್, ಪತ್ರಕರ್ತರಾದ ಇವಾನ್ ಸ್ಮಿತ್ ಮತ್ತು ರಾಸ್ ರಾಮ್ಸಿ ಇದರ ಸ್ಥಾಪಕರು. ಇದಕ್ಕೆ ಮುದ್ರಿತ ಪತ್ರಿಕೆ ಇಲ್ಲ, ಓದಲು ಚಂದಾ ಕಟ್ಟಬೇಕಿಲ್ಲ. ಎಲ್ಲ ವರದಿಗಳೂ ಎಲ್ಲರಿಗೂ ಉಚಿತ. ಇತರ ಪತ್ರಿಕೆಗಳು ಇದರ ವರದಿಗಳನ್ನು ಹಣ ಕೊಡದೆ ಮರುಮುದ್ರಿಸಬಹುದು; ಹಾಗಾಗಿ ಸಣ್ಣ ಊರಿನ ಪತ್ರಿಕೆಯಲ್ಲಿ ರಾಜಧಾನಿಯ ಸುದ್ದಿ ಓದುವ ಅನೇಕರು ತಮಗೆ ತಿಳಿಯದೆಯೇ ಟ್ರಿಬ್ಯೂನ್ ಓದುಗರಾಗಿರುತ್ತಾರೆ. ಓದುಗರ ದೇಣಿಗೆ, ಪ್ರತಿಷ್ಠಾನಗಳ ಅನುದಾನ, ಕಂಪನಿಗಳ ಪ್ರಾಯೋಜಕತ್ವ ಮತ್ತು ಸಂವಾದ ಕಾರ್ಯಕ್ರಮಗಳ ಆದಾಯದಿಂದ ಸಂಸ್ಥೆ ನಡೆಯುತ್ತದೆ. ಇದರ ಮುಖ್ಯ ಕ್ಷೇತ್ರ ರಾಜ್ಯದ ರಾಜಕೀಯ ಮತ್ತು ಸಾರ್ವಜನಿಕ ನೀತಿ.

ಇನ್ನು ಫೆಬ್ರುವರಿಯ ವಿಷಯಕ್ಕೆ ಬರೋಣ, ಏಕೆಂದರೆ ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ರೂಪುಗೊಂಡದ್ದು ಅಲ್ಲಿಯೇ. ಫೆಬ್ರುವರಿ 15ರ ಬೆಳಗಿನ ಜಾವ ಒಂದು ಗಂಟೆ ದಾಟಿದ ಹೊತ್ತಿಗೆ, ರಾಜ್ಯದ ಶೇಕಡಾ 90ರಷ್ಟು ವಿದ್ಯುತ್ ಹೊರೆಯನ್ನು ನಿರ್ವಹಿಸುವ ಎರ್ಕಾಟ್ ಸಂಸ್ಥೆ ತುರ್ತುಸ್ಥಿತಿ ಘೋಷಿಸಿ, ವಿತರಣಾ ಕಂಪನಿಗಳಿಗೆ ಸಂಪರ್ಕ ಕಡಿತಗೊಳಿಸಲು ಆದೇಶಿಸಿತು. 45 ಲಕ್ಷಕ್ಕೂ ಹೆಚ್ಚು ಮನೆ ಹಾಗೂ ಅಂಗಡಿ ಮುಂಗಟ್ಟುಗಳು ಕತ್ತಲಾದವು. ಸರದಿಯಂತೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕರೆಂಟು ಹೋಗಿ ಬರುತ್ತದೆ ಎಂದುಕೊಂಡವರಿಗೆ ಅದು ದಿನಗಟ್ಟಲೆ ಬರಲಿಲ್ಲ. ನಮ್ಮಲ್ಲಿ ನಲ್ಲಿಗಳನ್ನು ತೊಟ್ಟಿಕ್ಕುವಷ್ಟು ತೆರೆದಿಟ್ಟು, ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಸಿಕೊಂಡು, ಒಂದೇ ಕೋಣೆಯಲ್ಲಿ ಎಲ್ಲರೂ ರಜಾಯಿ ಹೊದ್ದು ಮಲಗಿದೆವು. ಬೆಂಗಳೂರಿನಿಂದ ಅತ್ತೆ ಫೋನ್ ಮಾಡಿ, ‘ಅಮೆರಿಕದಲ್ಲೂ ಕರೆಂಟು ಹೋಗುತ್ತದೇನಪ್ಪಾ’ ಎಂದು ಕೇಳಿದಾಗ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಟ್ರಿಬ್ಯೂನ್ ಮೂರು ದಿನಗಳೊಳಗೆ ಕೊಟ್ಟಿತು. ಹೆಪ್ಪುಗಟ್ಟಿದ ಗಾಳಿಯಂತ್ರಗಳೇ ಈ ಅನಾಹುತಕ್ಕೆ ಕಾರಣ ಎಂಬ ಮಾತು ದೂರದರ್ಶನದಲ್ಲಿ, ರಾಜಕಾರಣಿಗಳ ಬಾಯಲ್ಲಿ ಹರಿದಾಡುತ್ತಿತ್ತು. ರಾಜ್ಯಪಾಲ ಗ್ರೆಗ್ ಆ್ಯಬಟ್ ಅವರೂ ಫಾಕ್ಸ್ ವಾಹಿನಿಯಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತಿನ ಕಡೆಗೆ ಬೆರಳು ತೋರಿಸಿದ್ದರು. ಟ್ರಿಬ್ಯೂನ್ ಎರ್ಕಾಟ್‌ನ ಅಂಕಿಗಳನ್ನೇ ಮುಂದಿಟ್ಟಿತು: ಆಗ ಸ್ಥಗಿತಗೊಂಡಿದ್ದ ಸುಮಾರು 45,000 ಮೆಗಾವ್ಯಾಟ್ ಉತ್ಪಾದನೆಯಲ್ಲಿ ಅಂದಾಜು 30,000 ಮೆಗಾವ್ಯಾಟ್ ಅನಿಲ, ಕಲ್ಲಿದ್ದಲು ಮತ್ತು ಅಣು ಸ್ಥಾವರಗಳದ್ದು, ಉಳಿದ ಭಾಗ ಮಾತ್ರ ನವೀಕರಿಸಬಹುದಾದ ಮೂಲಗಳದ್ದು. ಮರುದಿನವೇ ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆಯೊಂದಿಗೆ ಸೇರಿ ಇನ್ನೊಂದು ವರದಿ ಬಂತು. 2011ರ ಫೆಬ್ರುವರಿಯಲ್ಲೂ ಇಂಥದೇ ಚಳಿ ಬಂದು ಸ್ಥಾವರಗಳು ನಿಂತುಹೋಗಿದ್ದವು, ಆಗಲೇ ಕೇಂದ್ರದ ನಿಯಂತ್ರಕರು ಉಪಕರಣಗಳನ್ನು ಚಳಿಗೆ ಸಜ್ಜುಗೊಳಿಸಬೇಕೆಂದು ಎಚ್ಚರಿಸಿದ್ದರು, ಅದನ್ನು ಕಡ್ಡಾಯ ಮಾಡಲು ರಾಜ್ಯ ಮುಂದಾಗಲಿಲ್ಲ ಎಂಬುದನ್ನು ಆ ವರದಿ ದಾಖಲೆ ಸಮೇತ ತೋರಿಸಿತು. ಕೇಂದ್ರದ ನಿಯಂತ್ರಣದಿಂದ ದೂರ ಉಳಿಯಲೆಂದೇ ಟೆಕ್ಸಸ್ ತನ್ನ ಜಾಲವನ್ನು ನೆರೆರಾಜ್ಯಗಳ ಜಾಲದಿಂದ ಬಹುಮಟ್ಟಿಗೆ ಬೇರೆಯಾಗಿ ಇಟ್ಟುಕೊಂಡಿದೆ. ಹಾಗಾಗಿ ಕೊರತೆ ಬಿದ್ದಾಗ ಹೊರಗಿನಿಂದ ತರಿಸಿಕೊಳ್ಳಬಹುದಾದ ವಿದ್ಯುತ್ ಅತ್ಯಲ್ಪ. ಪಶ್ಚಿಮದ ಜಾಲಕ್ಕೆ ಸೇರಿದ, 2011ರ ಅನುಭವದ ನಂತರ ಸ್ಥಾವರಗಳನ್ನು ಸಜ್ಜುಗೊಳಿಸಿಕೊಂಡಿದ್ದ ಎಲ್ ಪಾಸೋ ನಗರ ಅದೇ ವಾರವನ್ನು ಹೆಚ್ಚಿನ ತೊಂದರೆಯಿಲ್ಲದೆ ಕಳೆಯಿತು. ಈ ಒಂದು ಹೋಲಿಕೆಯಿಂದ ನನಗೆ ಇಡೀ ಸಮಸ್ಯೆ ಅರ್ಥವಾಯಿತು.

ಜಾಲ ಸಂಪೂರ್ಣ ಕುಸಿಯಲು ಕೆಲವೇ ಕ್ಷಣಗಳು, ನಿಮಿಷಗಳು ಉಳಿದಿದ್ದವು ಎಂಬ ಅಧಿಕಾರಿಗಳ ಹೇಳಿಕೆಯನ್ನು ಟ್ರಿಬ್ಯೂನ್ ಫೆಬ್ರುವರಿ 18ರಂದು ಪ್ರಕಟಿಸಿತು. ಆ ಅಂತರ 4 ನಿಮಿಷ 37 ಸೆಕೆಂಡ್ ಎಂದು ಎರ್ಕಾಟ್ ನಂತರ ತಿಳಿಸಿತು. ಕುಸಿದಿದ್ದರೆ ರಾಜ್ಯ ತಿಂಗಳುಗಟ್ಟಲೆ ಕತ್ತಲಲ್ಲಿರಬೇಕಾಗಿತ್ತು. ಪೂರ್ಣ ಸ್ಥಗಿತಗೊಂಡ ಜಾಲವನ್ನು ಮತ್ತೆ ಶುರುಮಾಡುವುದು ಏಕೆ ಅಷ್ಟು ಕಷ್ಟ, ಬೇಡಿಕೆ ಮತ್ತು ಉತ್ಪಾದನೆಯ ನಡುವಿನ ಸಮತೋಲನ ತಪ್ಪಿದಾಗ ಆವರ್ತನ ಹೇಗೆ ಇಳಿಯುತ್ತದೆ, ಆವರ್ತನ ಇಳಿದರೆ ಉಳಿದ ಸ್ಥಾವರಗಳೂ ತಮ್ಮ ರಕ್ಷಣೆಗಾಗಿ ಏಕೆ ಜಾಲದಿಂದ ಕಳಚಿಕೊಳ್ಳುತ್ತವೆ ಎಂಬ ತಾಂತ್ರಿಕ ಸಂಗತಿಗಳು ಆ ವಾರಗಳಲ್ಲಿ ಸಾಮಾನ್ಯ ಓದುಗನಿಗೆ ತಿಳಿಯುವ ಭಾಷೆಯಲ್ಲಿ ಬಂದವು. ಇಂಜಿನಿಯರಿಂಗ್ ಓದಿದವರು ತುಂಬಿರುವ ನಮ್ಮ ಬಡಾವಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದನ್ನು ಇಷ್ಟು ಸರಳವಾಗಿ ವಿವರಿಸಿದವರಿರಲಿಲ್ಲ.

ಆದರೆ ಆ ವರ್ಷದ ಕಡತದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಲಕಿದ ವರದಿ ಬಂದದ್ದು ಏಪ್ರಿಲ್ ಕೊನೆಯಲ್ಲಿ, ಉಳಿದ ಮಾಧ್ಯಮಗಳು ಬೇರೆ ವಿಷಯಗಳಿಗೆ ಹೊರಳಿದ ಮೇಲೆ. ಟ್ರಿಬ್ಯೂನ್, ಪ್ರೊಪಬ್ಲಿಕಾ ಮತ್ತು ಎನ್‌ಬಿಸಿ ನ್ಯೂಸ್ ಒಟ್ಟಾಗಿ ಬರೆದ ಆ ವರದಿಯ ವಿಷಯ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ. ಹ್ಯೂಸ್ಟನ್‌ನಲ್ಲಿ ವಲಸಿಗ ಕುಟುಂಬವೊಂದು ಬೆಚ್ಚಗಾಗಲು ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಕಾರನ್ನು ಚಾಲೂ ಮಾಡಿ ಕುಳಿತಿತ್ತು. ತಾಯಿಯೂ ಏಳು ವರ್ಷದ ಮಗಳೂ ಸತ್ತರು. ಆ ವಾರ ರಾಜ್ಯದಲ್ಲಿ ಈ ವಿಷಾನಿಲದಿಂದ ಕನಿಷ್ಠ 11 ಮಂದಿ ಸತ್ತದ್ದು ಅಷ್ಟರಲ್ಲಿ ದೃಢಪಟ್ಟಿತ್ತು. 1,400ಕ್ಕೂ ಹೆಚ್ಚು ಜನ ತುರ್ತು ಚಿಕಿತ್ಸೆಗೆ ಓಡಿದ್ದರು. ಮನೆಗಳಲ್ಲಿ ವಿಷಾನಿಲ ಪತ್ತೆಯ ಅಲಾರಂ ಇರಲೇಬೇಕೆಂಬ ರಾಜ್ಯವ್ಯಾಪಿ ಕಾನೂನು ಟೆಕ್ಸಸ್‌ನಲ್ಲಿ ಇರಲಿಲ್ಲ ಎಂಬುದನ್ನೂ, ಎಚ್ಚರಿಕೆಯ ಸಂದೇಶಗಳು ಇಂಗ್ಲಿಷ್ ಸರಿಯಾಗಿ ಬಾರದವರನ್ನು ಮುಟ್ಟುವುದು ಎಷ್ಟು ಕಷ್ಟ ಎಂಬುದನ್ನೂ ಈ ವರದಿ ಓದಿದವರು ಮರೆಯಲಾರರು. ನಮ್ಮ ಗುಂಪಿನಲ್ಲೂ ಆ ವಾರ ‘ಫೋನ್ ಚಾರ್ಜ್ ಮಾಡಬೇಕಿದ್ದರೆ ಕಾರಿನಲ್ಲಿ ಕುಳಿತುಕೊಳ್ಳಿ, ಹೀಟರ್ ಕೂಡ ಸಿಗುತ್ತದೆ’ ಎಂಬ ಸಲಹೆ ಓಡಾಡಿತ್ತು. ಕಾರನ್ನು ಗ್ಯಾರೇಜಿನಿಂದ ಪೂರ್ತಿ ಹೊರಗೆ ತನ್ನಿ, ಬಾಗಿಲು ತೆರೆದಿದ್ದರೂ ಒಳಗೆ ಚಾಲೂ ಮಾಡಬೇಡಿ ಎಂದು ಅದರಲ್ಲಿ ಬರೆದಿರಲಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದು ಉಳಿದುಕೊಂಡಿದ್ದ ಮನೆಗಳು ನಮ್ಮಲ್ಲೇ ಹಲವು ಇದ್ದವು; ಹಿಮದ ದೇಶದ ಅಭ್ಯಾಸವೇ ಇಲ್ಲದ ಆ ಹಿರಿಯರಿಗೆ ಈ ಅಪಾಯವನ್ನು ಯಾರು ಹೇಳಬೇಕಿತ್ತು ಎಂಬ ಪ್ರಶ್ನೆ ಆ ವರದಿ ಓದಿದಾಗಿನಿಂದ ನನ್ನನ್ನು ಬಿಟ್ಟಿಲ್ಲ.

ಸಾವಿನ ಲೆಕ್ಕದ ವಿಷಯದಲ್ಲೂ ಟ್ರಿಬ್ಯೂನ್ ಅದೇ ಪಟ್ಟು ತೋರಿಸಿತು. ಮಾರ್ಚ್ ಮಧ್ಯದಲ್ಲಿ ರಾಜ್ಯದ ಆರೋಗ್ಯ ಇಲಾಖೆ 57 ಸಾವು ಎಂದಿತು; ಅದೇ ತಿಂಗಳ ಕೊನೆಯ ಹೊತ್ತಿಗೆ 111 ಆಯಿತು; ಜುಲೈನಲ್ಲಿ 210; ಅಂತಿಮ ಲೆಕ್ಕ 246. ಸಾಮಾನ್ಯ ವರ್ಷಗಳ ಸಾವಿನ ಪ್ರಮಾಣಕ್ಕೆ ಹೋಲಿಸಿ ಬಝ್‌ಫೀಡ್ ನ್ಯೂಸ್ ಮಾಡಿದ ಅಂದಾಜು ಸುಮಾರು 700. ಪ್ರತಿ ಬಾರಿ ಅಂಕಿ ಬದಲಾದಾಗಲೂ ಅದನ್ನು ಸುದ್ದಿಯಾಗಿಸುವುದು ಸಣ್ಣ ಕೆಲಸದಂತೆ ಕಾಣಬಹುದು. ಆದರೆ ಮೊದಲ ಅಂಕಿಯನ್ನೇ ನೆನಪಿಟ್ಟುಕೊಂಡು ಮುಂದೆ ಹೋಗುವುದು ಜನರ ಸ್ವಭಾವ, ಆಳುವವರಿಗೂ ಅದೇ ಅನುಕೂಲ. ಅಂಥಲ್ಲಿ ಈ ಹಠ ಅಗತ್ಯವಾಗಿತ್ತು.

ಹಣದ ಕಥೆ ಇನ್ನೊಂದು. ಕೊರತೆಯ ಆ ದಿನಗಳಲ್ಲಿ ಸಗಟು ವಿದ್ಯುತ್ ದರವನ್ನು ಗರಿಷ್ಠ ಮಿತಿಯಾದ ಮೆಗಾವ್ಯಾಟ್ ಗಂಟೆಗೆ 9,000 ಡಾಲರ್‌ನಲ್ಲೇ ಹಿಡಿದಿಡಲಾಗಿತ್ತು. ಸಗಟು ದರವನ್ನೇ ಗ್ರಾಹಕರಿಗೆ ದಾಟಿಸುತ್ತಿದ್ದ ಗ್ರಿಡ್ಡಿ ಎಂಬ ಕಂಪನಿಯ ಗ್ರಾಹಕರಿಗೆ ಸಾವಿರಾರು ಡಾಲರ್ ಬಿಲ್ ಬಂತು, ಕಂಪನಿ ದಿವಾಳಿಯಾಯಿತು. ಎರ್ಕಾಟ್‌ನ ಮುಖ್ಯಸ್ಥರನ್ನು ತೆಗೆದುಹಾಕಲಾಯಿತು, ವಿದ್ಯುತ್ ವಲಯದ ಮೇಲ್ವಿಚಾರಣೆ ಹೊತ್ತ ಸಾರ್ವಜನಿಕ ಉಪಯುಕ್ತತಾ ಆಯೋಗದ ಮೂವರು ಆಯುಕ್ತರೂ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಜೂನ್ 8ರಂದು ಆ್ಯಬಟ್ ಅವರು ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸುವುದನ್ನು ಕಡ್ಡಾಯಗೊಳಿಸುವ ಮಸೂದೆಗೆ ಸಹಿ ಹಾಕಿದಾಗ ಅನೇಕ ಕಡೆ ಇದು ಮುಗಿದ ಕಥೆಯಾಯಿತು. ಟ್ರಿಬ್ಯೂನ್ ಆ ಕಾನೂನನ್ನು ಮತ್ತೊಮ್ಮೆ ಓದಿತು. ಅನಿಲ ಬಾವಿಗಳೂ ಕೊಳವೆಮಾರ್ಗಗಳೂ ನಿಂತದ್ದರಿಂದಲೇ ಅನಿಲ ಸ್ಥಾವರಗಳು ಇಂಧನವಿಲ್ಲದೆ ನಿಂತಿದ್ದವು. ಆದರೆ ತೈಲ ಮತ್ತು ಅನಿಲ ಉದ್ಯಮದ ಮೇಲ್ವಿಚಾರಣೆ ಹೊತ್ತ ರೈಲ್‌ರೋಡ್ ಆಯೋಗ ರೂಪಿಸಿದ ಕರಡು ನಿಯಮದಲ್ಲಿ, ಅನಿಲ ಕಂಪನಿಯೊಂದು ಅರ್ಜಿ ತುಂಬಿ 150 ಡಾಲರ್ ಶುಲ್ಕ ಕಟ್ಟಿದರೆ ‘ನಿರ್ಣಾಯಕ ಸೌಕರ್ಯ’ದ ಪಟ್ಟಿಯಿಂದಲೇ ಹೊರಗುಳಿದು ಸಜ್ಜುಗೊಳಿಸುವ ಹೊಣೆಯನ್ನು ತಪ್ಪಿಸಿಕೊಳ್ಳಲು ದಾರಿಯಿತ್ತು. ಸೆಪ್ಟೆಂಬರ್‌ನಲ್ಲಿ, ಹೊರಗೆ ಬಿಸಿಲು ಸುಡುತ್ತಿದ್ದಾಗ, ಈ ಸಂಗತಿಯನ್ನು ವಿವರವಾಗಿ ಓದಿದೆ. ನನ್ನ ಪ್ರಕಾರ ಇಡೀ ವರ್ಷದಲ್ಲಿ ಈ ಸೇವೆ ಮಾಡಿದ ಅತ್ಯುತ್ತಮ ಕೆಲಸ ಇದು: ಚಳಿ ಮರೆತ ಜನರಿಗೆ ಮುಂದಿನ ಚಳಿಯ ಬಗ್ಗೆ ಹೇಳಿದ್ದು.

ಶಾಸನಸಭೆಯ ವರದಿಗಾರಿಕೆಯಲ್ಲಿ ಟ್ರಿಬ್ಯೂನ್‌ಗೆ ಸಾಟಿಯಾದವರನ್ನು ನಾನು ಕಂಡಿಲ್ಲ. ಟೆಕ್ಸಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ, 140 ದಿನ ಮಾತ್ರ ಸೇರುತ್ತದೆ; ಅದರಾಚೆಗೆ ರಾಜ್ಯಪಾಲರು ಕರೆದರೆ ಮಾತ್ರ ವಿಶೇಷ ಅಧಿವೇಶನ. ಅಮೆರಿಕದ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾದ ಆಡಳಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯ ಸ್ಥಾನಕ್ಕೆ ಹತ್ತಿರದವರು ಎಂಬುದನ್ನು ಕರ್ನಾಟಕದ ಓದುಗರಿಗಾಗಿ ಇಲ್ಲಿ ಹೇಳಬೇಕು. 2021ರಲ್ಲಿ ಮೂರು ವಿಶೇಷ ಅಧಿವೇಶನಗಳು ನಡೆದವು. ಮತದಾನದ ನಿಯಮಗಳನ್ನು ಬಿಗಿಗೊಳಿಸುವ ಮಸೂದೆಯನ್ನು ತಡೆಯಲು ಡೆಮಾಕ್ರಾಟ್ ಸದಸ್ಯರು ಮೇ 30ರ ರಾತ್ರಿ ಸಭೆಯಿಂದ ಹೊರನಡೆದರು. ಜುಲೈ 12ರಂದು ಐವತ್ತಕ್ಕೂ ಹೆಚ್ಚು ಮಂದಿ ರಾಜ್ಯವನ್ನೇ ಬಿಟ್ಟು ಹೋದರು. 150 ಸದಸ್ಯರ ಸಭೆಯಲ್ಲಿ ಮೂರನೇ ಎರಡರಷ್ಟು ಜನರಿಲ್ಲದೆ ಕಲಾಪ ನಡೆಸುವಂತಿಲ್ಲ. ಆಗಸ್ಟ್ 19ರಂದು ಕೋರಂ ಮರಳಿತು, ಮಸೂದೆ ಅಂಗೀಕಾರವಾಯಿತು, ಸೆಪ್ಟೆಂಬರ್ 7ರಂದು ಸಹಿಯೂ ಬಿತ್ತು. ಈ ನಾಟಕೀಯ ವಾರಗಳಲ್ಲಿ ವಿಮಾನ, ಹೋಟೆಲು, ಬಂಧನದ ವಾರಂಟುಗಳ ಸುದ್ದಿ ಎಲ್ಲೆಡೆ ಸಿಗುತ್ತಿತ್ತು. ಮಸೂದೆಯ ಒಳಗೆ ಏನಿದೆ ಎಂಬುದು ಮಾತ್ರ ಟ್ರಿಬ್ಯೂನ್‌ನಲ್ಲಿ ಸ್ಪಷ್ಟವಾಗಿ ಸಿಕ್ಕಿತು. ರಾತ್ರಿಯಿಡೀ ಮತಗಟ್ಟೆ ತೆರೆದಿಡುವುದಕ್ಕೂ, ಕಾರಿನಲ್ಲೇ ಕುಳಿತು ಮತ ಹಾಕುವುದಕ್ಕೂ ನಿಷೇಧ, ಅಂಚೆ ಮತಕ್ಕೆ ಗುರುತಿನ ಸಂಖ್ಯೆಯ ಹೊಸ ಷರತ್ತು, ಪಕ್ಷಗಳ ವೀಕ್ಷಕರಿಗೆ ಹೆಚ್ಚಿನ ಓಡಾಟದ ಸ್ವಾತಂತ್ರ್ಯ ಇವುಗಳನ್ನು ಹಳೆಯ ನಿಯಮದ ಪಕ್ಕದಲ್ಲಿಟ್ಟು ತೋರಿಸಿದ್ದರಿಂದ ಓದುಗ ತನ್ನ ತೀರ್ಮಾನಕ್ಕೆ ತಾನೇ ಬರಬಹುದಾಗಿತ್ತು.

ಗರ್ಭಪಾತದ ಕಾನೂನಿನ ವಿಷಯದಲ್ಲೂ ಇದೇ ಮಾತು. ಸುಮಾರು ಆರು ವಾರಗಳ ನಂತರದ ಗರ್ಭಪಾತವನ್ನು ತಡೆಯುವ ಆ ಕಾನೂನಿನ ಜಾರಿ ಸರ್ಕಾರದ ಕೈಯಲ್ಲಿರಲಿಲ್ಲ. ನೆರವಾದ ಯಾರ ಮೇಲಾದರೂ ಖಾಸಗಿ ವ್ಯಕ್ತಿಗಳು ದಾವೆ ಹೂಡಿ ಕನಿಷ್ಠ 10,000 ಡಾಲರ್ ಪಡೆಯಬಹುದಾಗಿತ್ತು. ಸುಪ್ರೀಂ ಕೋರ್ಟ್ 5-4ರ ಅಂತರದಲ್ಲಿ ತಡೆಯಾಜ್ಞೆ ನಿರಾಕರಿಸಿತು. ಈ ವಿಚಿತ್ರ ರಚನೆಯಿಂದಾಗಿ ಯಾರ ವಿರುದ್ಧ ತಡೆಯಾಜ್ಞೆ ಕೇಳಬೇಕೆಂಬುದೇ ಪ್ರಶ್ನೆಯಾದ ಬಗೆಯನ್ನು ಟ್ರಿಬ್ಯೂನ್ ಮೇ ತಿಂಗಳಲ್ಲಿ ಸಹಿ ಬಿದ್ದಾಗಿನಿಂದಲೇ ಹಿಂಬಾಲಿಸಿತ್ತು.

ನನ್ನಂಥ ಓದುಗರಿಗೆ ನೇರವಾಗಿ ತಟ್ಟಿದ್ದು ಕ್ಷೇತ್ರ ಪುನರ್ವಿಂಗಡಣೆಯ ವರದಿಗಳು. 2010ರಿಂದ 2020ರ ನಡುವೆ ಟೆಕ್ಸಸ್ ಜನಸಂಖ್ಯೆ ಸುಮಾರು 40 ಲಕ್ಷ ಹೆಚ್ಚಿತು. ಆ ಏರಿಕೆಯ ಶೇಕಡಾ 95ರಷ್ಟು ಬಿಳಿಯರಲ್ಲದ ಸಮುದಾಯಗಳದ್ದು. ಅದರ ಫಲವಾಗಿ ರಾಜ್ಯಕ್ಕೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಎರಡು ಸ್ಥಾನ ಹೆಚ್ಚಾಗಿ 38 ಆಯಿತು. 2021ರ ಹೊಸ ನಕ್ಷೆಯಲ್ಲಿ ಆ ಎರಡೂ ಹೊಸ ಕ್ಷೇತ್ರಗಳಲ್ಲಿ ಬಿಳಿಯ ಮತದಾರರೇ ಬಹುಸಂಖ್ಯಾತರಾಗಿದ್ದರು. ಭಾರತೀಯರು ದಟ್ಟವಾಗಿ ನೆಲೆಸಿರುವ ಕಾಲಿನ್ ಕೌಂಟಿಯ ಒಂದು ಭಾಗ ಒಕ್ಲಹೋಮಾ ಗಡಿಯವರೆಗೆ ಹರಡಿದ ಗ್ರಾಮೀಣ ಕ್ಷೇತ್ರಕ್ಕೆ ಸೇರಿತು. ನಮ್ಮಲ್ಲಿ ಅನೇಕರು ವೀಸಾದ ಮೇಲೆ ಇರುವವರು. ಮತ ಹಾಕುವ ಹಕ್ಕಿಲ್ಲ, ಆದರೆ ಜನಗಣತಿಯಲ್ಲಿ ಎಣಿಕೆಯಾಗುತ್ತೇವೆ, ಆ ಎಣಿಕೆಯಿಂದಲೇ ರಾಜ್ಯಕ್ಕೆ ಸ್ಥಾನಗಳು ಸಿಗುತ್ತವೆ. ವಿಳಾಸ ಹಾಕಿದರೆ ಹಳೆಯ ಕ್ಷೇತ್ರ ಯಾವುದು, ಹೊಸದು ಯಾವುದು ಎಂದು ತೋರಿಸುವ ಟ್ರಿಬ್ಯೂನ್‌ನ ನಕ್ಷೆಯ ಸಾಧನವನ್ನು ನಮ್ಮ ಬೀದಿಯ ಹಲವರು ಬಳಸಿದರು, ಪೌರತ್ವ ಇದ್ದವರೂ ಇಲ್ಲದವರೂ.

ಗಡಿಯ ಬಗ್ಗೆ ಟ್ರಿಬ್ಯೂನ್ ಬರೆದದ್ದರಲ್ಲಿ ಡೆಲ್ ರಿಯೋ ಸೇತುವೆಗಿಂತ ಮುಖ್ಯವೆಂದು ನನಗೆ ಕಂಡದ್ದು ಸೆರೆಮನೆಯ ಕಥೆ. ಮಾರ್ಚ್‌ನಲ್ಲಿ ಆ್ಯಬಟ್ ಅವರು ಆರಂಭಿಸಿದ ‘ಆಪರೇಷನ್ ಲೋನ್ ಸ್ಟಾರ್’ ಅಡಿ ಅತಿಕ್ರಮ ಪ್ರವೇಶದ ಆರೋಪದ ಮೇಲೆ ಬಂಧಿತರಾದ ನೂರಾರು ವಲಸಿಗರು ವಾರಗಟ್ಟಲೆ ವಕೀಲರೂ ಇಲ್ಲದೆ, ಆರೋಪಪಟ್ಟಿಯೂ ಇಲ್ಲದೆ ರಾಜ್ಯದ ಜೈಲುಗಳಲ್ಲಿ ಉಳಿದದ್ದನ್ನು ನ್ಯಾಯಾಲಯದ ಕಡತಗಳ ಮೂಲಕ ಟ್ರಿಬ್ಯೂನ್ ಹೊರತಂದಿತು. ಕ್ಯಾಮೆರಾಗಳಿಲ್ಲದ ಕಡೆ ಹೋಗಿ ಕಡತ ತಿರುವಿ ಹಾಕುವ ವರದಿಗಾರರು ಇರುವುದರಿಂದ ಮಾತ್ರ ಇಂಥ ಸುದ್ದಿ ಸಿಗುತ್ತದೆ.

ಕೊರತೆಗಳೂ ಇವೆ, ಸಣ್ಣವಲ್ಲ. ಆಸ್ಟಿನ್‌ನ ಶಾಸನಭವನದಿಂದ ದೂರ ಸರಿದಷ್ಟೂ ಟ್ರಿಬ್ಯೂನ್‌ನ ಹಿಡಿತ ಸಡಿಲವಾಗುತ್ತದೆ. ಆಸ್ಟ್ರೋವರ್ಲ್ಡ್ ದುರಂತವನ್ನು ತಿಳಿಯಲು ಹ್ಯೂಸ್ಟನ್ ಕ್ರಾನಿಕಲ್ ಓದಲೇಬೇಕಾಯಿತು. ಜನಸಂದಣಿಯ ನಿರ್ವಹಣೆ, ನಗರ ಮತ್ತು ಕೌಂಟಿಗಳ ಹೊಣೆ, ಆಯೋಜಕರ ಯೋಜನೆ ಇವೆಲ್ಲ ಸ್ಥಳೀಯ ಪತ್ರಿಕೆಯ ಕೈಯಲ್ಲಿಯೇ ಚೆನ್ನಾಗಿ ಬಂದವು. ಮತದಾನದ ವಿಷಯದಲ್ಲೂ ಸಂಪಾದಕೀಯದ ಕಾವು ಬೇಕೆನ್ನುವವರಿಗೆ ಅದೇ ಕ್ರಾನಿಕಲ್ ಸೂಕ್ತ. ಆ ಬರಹಗಳಿಗೆ 2022ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಶಾಲಾ ಮಂಡಳಿ, ನಗರಸಭೆ, ಆಸ್ತಿ ತೆರಿಗೆ ಇಂಥ ದಿನನಿತ್ಯದ ಸಂಗತಿಗಳಿಗೆ ಟ್ರಿಬ್ಯೂನ್ ನಂಬಿ ಕೂರುವಂತಿಲ್ಲ. ಕೆಲವು ವರದಿಗಳು ಸ್ಪ್ಯಾನಿಷ್‌ನಲ್ಲಿ ಬಂದವು, ಆದರೆ ರಾಜ್ಯದ ಜನಸಂಖ್ಯೆಯಲ್ಲಿ ಆ ಭಾಷಿಕರ ಪ್ರಮಾಣ ನೋಡಿದರೆ ಅವು ತೀರ ಕಡಿಮೆ. ಇನ್ನು, ಸಂಸ್ಥೆಗೆ ಹಣ ಕೊಡುವವರಲ್ಲಿ ಇಂಧನ ವಲಯದ ಕಂಪನಿಗಳೂ ಇವೆ. ಯಾವ ದಾನಿಯ ಹೆಸರು ವರದಿಯಲ್ಲಿ ಬಂದರೂ ಅದರ ಕೊನೆಯಲ್ಲಿ ಆ ಸಂಗತಿಯನ್ನು ಬರೆಯುವ ಪದ್ಧತಿ ಇದೆ, ದಾನಿಗಳ ಪಟ್ಟಿಯೂ ಬಹಿರಂಗವಾಗಿದೆ. ವಿದ್ಯುತ್ ಜಾಲದ ವರದಿಗಳಲ್ಲಿ ಆ ಹಣದ ನೆರಳು ನನಗೆ ಕಾಣಲಿಲ್ಲ. ಆದರೂ ಆ ಟಿಪ್ಪಣಿ ವರದಿಯ ತುದಿಯ ಬದಲು ಆರಂಭದಲ್ಲೇ ಇದ್ದರೆ ಓದುಗನಿಗೆ ಹೆಚ್ಚು ನ್ಯಾಯ ಸಲ್ಲುತ್ತದೆ.

ಟೆಕ್ಸಸ್‌ಗೆ ಹೊಸದಾಗಿ ಬರುತ್ತಿರುವ ಕನ್ನಡಿಗರಿಗೆ, ಹಾಗೂ ಇಲ್ಲಿ ಮಕ್ಕಳಿರುವ ತಂದೆತಾಯಂದಿರಿಗೆ ನಾನು ಈ ಸೇವೆಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಜಾಲತಾಣದ ಮುಖಪುಟದಿಂದ ಶುರುಮಾಡುವುದಕ್ಕಿಂತ ‘ದಿ ಬ್ರೀಫ್’ ಎಂಬ ಅವರ ಇಮೇಲ್ ಪತ್ರಕ್ಕೆ ಹೆಸರು ಕೊಡುವುದು ಒಳ್ಳೆಯದು. ರಾಜ್ಯದ ಮುಖ್ಯ ಸುದ್ದಿಗಳು ಒಂದೆಡೆ ಸಿಗುತ್ತವೆ. ಅದರ ಜೊತೆಗೆ ನಿಮ್ಮ ನಗರದ ಪತ್ರಿಕೆಗೂ ಚಂದಾ ಕಟ್ಟಿ. 2021ರ ಕಡತವನ್ನು ಓದಲು ಬಯಸುವವರು ಫೆಬ್ರುವರಿಯ ವರದಿಗಳಿಂದ ಆರಂಭಿಸಿ, ಏಪ್ರಿಲ್‌ನ ವಿಷಾನಿಲದ ತನಿಖೆಯನ್ನು ಬಿಡದೆ ಓದಿ, ನಂತರ ಸೆಪ್ಟೆಂಬರ್‌ನ ಅನಿಲ ನಿಯಮಗಳ ವರದಿಗೆ ಹೋಗಿ. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಓದು ಮುಗಿಯುವ ಮೊದಲೇ ಒಂದನ್ನು ತಂದು ಮಲಗುವ ಕೋಣೆಗಳ ಹತ್ತಿರ ಹಾಕಿಸಿ.